ಹರಿಣಿಯವರ ಜಪಾನಿ

ಬೊರಿವಲಿ ಸ್ಟೇಷನ್ನಿನಲ್ಲಿ ಬೆಳಗಿನ ಹೊತ್ತು, ಲೋಕಲ್ ಗಾಡಿ ಪೂರ್ತಿ ನಿಲ್ಲುವ ಮೊದಲೇ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಪರ್ಸನ್ನು ಎದೆಗವಚಿಕೊಂಡು ಒಳಕ್ಕೆ ಹಾರುವ ಹೆಂಗಸರ ಮಹಾಪ್ರವಾಹದ ನಡುವೆ, ಒಬ್ಬರು ಮಾತ್ರ ಬಾಗಿಲಿನ ಪಕ್ಕಕ್ಕೆ ಸರಿದು, ಎರಡೂ ಕೈಗಳನ್ನು ಮುಂದೆ ಒಂದರ ಮೇಲೊಂದಿಟ್ಟುಕೊಂಡು, ಇಳಿಯುವವರೆಲ್ಲ ಮೊದಲು ಇಳಿಯಲಿ ಎಂದು ಕಾಯುತ್ತ ನಿಂತಿರುತ್ತಾರೆ. ಅಲ್ಲಾ, ಮುಂಬಯಿಯಲ್ಲಿ ಇದೆಲ್ಲ ನಡೆಯುವ ಮಾತೇ? ಇಳಿಯುವವರಲ್ಲಿ ಕೊನೆಯವರು ಇಳಿಯುವಷ್ಟರಲ್ಲಿ ಹತ್ತುವವರೆಲ್ಲ ಹತ್ತಿ, ಬಾಗಿಲಿನಲ್ಲಿ ಸೂಜಿ ತೂರಿಸಲೂ ಜಾಗವಿಲ್ಲದೆ, ಗಾಡಿ ಹೊರಟೇಬಿಡುತ್ತದೆ. ಆಗ ಆಕೆ ಬೇಸರಿಸುವುದಿಲ್ಲ. ಹೋಗುತ್ತಿರುವ ಗಾಡಿಗೆ ಸೊಂಟದಿಂದ ತುಸುವೇ ಬಾಗಿ ವಂದಿಸಿ, ತುಟಿಯಲ್ಲೇ ಏನನ್ನೋ ಹೇಳಿ, ಮುಂದಿನದಕ್ಕೆ ಕಾಯುತ್ತಾರೆ. ದಿನದ ಗಾಡಿಯ ಹೆಂಗಸರಿಗೆ ಅವರು ‘ಜಪಾನ್ ಆಂಟಿ’. ಮೂರನೆಯ ಗಾಡಿಗೋ ನಾಲ್ಕನೆಯದಕ್ಕೋ ಯಾರಾದರೊಬ್ಬಳು ದಪ್ಪನೆಯ ಮರಾಠಿ ಹೆಂಗಸು ಕನಿಕರಪಟ್ಟು ಅವರ ರಟ್ಟೆ ಹಿಡಿದು ಒಳಗೆಳೆದುಕೊಂಡರೆ ಅಂದಿನ ಪ್ರಯಾಣ ಸುಸೂತ್ರವಾಯಿತೆಂದು ಅರ್ಥ.

ಹೆಸರು ಹರಿಣಿ. ಮೈಸೂರಿನವರು. ಅಪ್ಪ ಬ್ಯಾಂಕಿನ ವರ್ಗಾವಣೆಯ ಮೇಲೆ, ಎರಡು ಮೂರು ವರ್ಷವಿದ್ದು ಹಿಂತಿರುಗಿದರಾಯಿತು ಎಂದುಕೊಂಡು ಸಂಸಾರ ಸಮೇತ ಇಲ್ಲಿಗೆ ಬಂದರು; ಬಂದವರು ಇಲ್ಲೇ ಮನೆ ಮಾಡಿ, ಇಲ್ಲೇ ನಿವೃತ್ತರಾಗಿ, ಇಲ್ಲೇ ತೀರಿಕೊಂಡರು. ಆ ಅಪ್ಪ ಬಿಟ್ಟುಹೋದ, ನಶ್ಯದ ಬಣ್ಣದ ಉಣ್ಣೆಯ ಕೋಟೊಂದಿದೆ. ಹರಿಣಿಯವರು ಸಾಂತಾಕ್ರೂಜಿನ ಒಂದು ವಿದ್ಯುತ್ ಕಂಪನಿಯ ಕಂಪ್ಲೇಂಟ್ ಸೆಕ್ಷನ್ನಿನಲ್ಲಿ ಏಸಿಯ ತಣ್ಣನೆಯ ಗಾಳಿ ನೇರ ನೆತ್ತಿಯ ಮೇಲೆ ಬೀಳುವ ಕುರ್ಚಿಯಲ್ಲಿ ಕೂತು, ಆ ಕೋಟನ್ನು ಕಾಟನ್ ಸೀರೆಯ ಮೇಲೆ ತೊಟ್ಟು ಕೆಲಸ ಮಾಡುತ್ತಾರೆ. ಕುರ್ಚಿ ಬದಲಾಯಿಸಿಕೊಡಿ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿದವರಲ್ಲ. ಕರೆಂಟು ಹೋದವರು, ಮೀಟರು ಕೆಟ್ಟವರು, ಬಿಲ್ಲು ನೋಡಿ ಹೌಹಾರಿದವರು ಬಂದು ಕೌಂಟರಿನ ಮುಂದೆ ಕೂಗಾಡುವಾಗ ಅವರು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಎದ್ದು ನಿಂತು, ತಮ್ಮದಲ್ಲದ ತಪ್ಪಿಗೆ ಹಿಂದಿಯಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತಾರೆ. ಸಂಬಳ ಬರುವುದೇ ಅದಕ್ಕೆ ಎನ್ನಿ. ಆದರೆ ಸಂಬಳ ಕೊಟ್ಟರೂ ಮನುಷ್ಯನಿಗೆ ಸುಸ್ತಾಗುತ್ತದೆ.

ಜಪಾನಿ ಭಾಷೆ ಅವರ ಬಾಳಿಗೆ ಬಂದದ್ದು ಅಮ್ಮನ ಮಂಚದ ಬದಿಯಿಂದ. ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಾಗ, ಲಿಫ್ಟಿಲ್ಲದ ಆ ಬಿಲ್ಡಿಂಗಿನ ಮೂರನೆಯ ಮಾಳಿಗೆಯಿಂದ ಆಕೆಗೆ ಕಾಣುತ್ತಿದ್ದದ್ದು ಪಕ್ಕದ ಬಿಲ್ಡಿಂಗಿನ ಗೋಡೆ, ಅದರ ಮೇಲೆ ನೀರು ತೊಟ್ಟಿಕ್ಕುವ ಏಸಿ ಪೆಟ್ಟಿಗೆಗಳು, ಒಂದೆರಡು ಪಾರಿವಾಳ. ಹೊಳೆನರಸೀಪುರದಲ್ಲಿ ಹುಟ್ಟಿದ, ಅರಸೀಕೆರೆಗೆ ಹೋಗುವ ರೈಲಿನ ಶಿಳ್ಳೆ ಕೇಳಿ ಒಲೆ ಹಚ್ಚುವ ಮನೆಯಲ್ಲಿ ಬೆಳೆದ ಜೀವ ಅದು; ಒಂದು ಸಲ ರೈಲಿನಲ್ಲಿ ಕೂರಿಸೇ ಎಂದು ದಿನವೂ ಗೋಗರೆಯುತ್ತಿತ್ತು. ಮಗಳು ಏನು ಮಾಡಿಯಾರು? ಮೊಬೈಲಿನಲ್ಲಿ ಹುಡುಕಿ, ಯಾರೋ ಪುಣ್ಯಾತ್ಮ ಜಪಾನಿನ ಹಳ್ಳಿಗಾಡಿನ ರೈಲಿನ ಮುಂಗಿಟಕಿಯಿಂದ ತೆಗೆದ ಉದ್ದಾನುದ್ದ ವಿಡಿಯೋವನ್ನು ಹಾಕಿ, ಫೋನನ್ನು ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿದರು. ಗದ್ದೆ, ಗುಡ್ಡ, ಸುರಂಗ, ಸೇತುವೆ. ಅಮ್ಮ ಮಂಚದಲ್ಲೇ ಹೊರಟುಬಿಟ್ಟಿತು. ಸೇತುವೆ ಬಂದರೆ ಹೇಮಾವತಿ, ಗುಡ್ಡ ಬಂದರೆ ಅದರಾಚೆ ಅರಸೀಕೆರೆ. ನಡುನಡುವೆ ಗಾಡಿಯೊಳಗಿನಿಂದ ಒಂದು ಹೆಣ್ಣುದನಿ ಮೆಲ್ಲಗೆ ಏನೋ ಹೇಳುತ್ತಿತ್ತು.

“ಏನಂತಾಳೇ ಅವ್ಳು?” ಅಮ್ಮ ಕೇಳಿತು.

“ಮುಂದಿನ ಸ್ಟೇಷನ್ ಹೊಳೆನರಸೀಪುರ ಅಂತಾಳೆ” ಎಂದರು ಹರಿಣಿ, ಸುಮ್ಮನೆ.

ಅಮ್ಮ ಸೆರಗು ಸರಿಮಾಡಿಕೊಂಡು ಇಳಿಯಲು ಸಿದ್ಧವಾಯಿತು. ಬಂದದ್ದು ಹಿಮ ಮುಚ್ಚಿದ ಒಂದು ಗೂಡಿನಂಥ ನಿಲ್ದಾಣ. ಮಗಳ ಮುಖವನ್ನೇ ನೋಡಿ, ನನಗೂ ಸುಳ್ಳು ಹೇಳ್ತೀಯಾ ಎಂದು ಅಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಿತು. ಅವತ್ತಿನಿಂದ ಹರಿಣಿಯವರಿಗೆ ಆ ದನಿ ನಿಜವಾಗಿ ಏನು ಹೇಳುತ್ತಿದೆ ಎಂದು ತಿಳಿಯುವ ಹಟ ಹಿಡಿಯಿತು. ಪುಸ್ತಕ ಕೊಳ್ಳಲಿಲ್ಲ, ಕ್ಲಾಸಿಗೆ ಸೇರಲಿಲ್ಲ. ಫೋನಿನಲ್ಲಿ ಒಂದೊಂದೇ ಸಾಲನ್ನು ಹತ್ತಾರು ಸಲ ಕೇಳಿ, ಅರ್ಥ ಹುಡುಕಿ, ಹಿಂದೆ ಅಜ್ಜಿಯರಿಂದ ದೇವರನಾಮ ಕಲಿತ ಹಾಗೆ ಬಾಯಿಂದ ಬಾಯಿಗೆ ಕಲಿತರು. ಕಲಿಯುತ್ತ ಕಲಿಯುತ್ತ ಹಟ ಹೋಗಿ ರುಚಿ ಹತ್ತಿತು. ‘ಮಾಮೊನಾಕು’ ಎಂಬ ಮಾತಂತೂ, ಇನ್ನು ಸ್ವಲ್ಪ ಹೊತ್ತಿನಲ್ಲಿ ಎಂದರ್ಥವಂತೆ, ಬೆಲ್ಲದ ಚೂರಿನಂತೆ ಸದಾ ನಾಲಗೆಯ ಮೇಲೆಯೇ ಇರುತ್ತಿತ್ತು. ಅಮ್ಮ ಕಾಫಿ ಕೇಳಿದರೂ ಒಳಗಿನಿಂದ ಬರುತ್ತಿದ್ದ ಉತ್ತರ ಅದೇ.

ಒಂದು ದಿನ ಅವರಿಗೆ ಒಂದು ಹೊಸ ಸಾಲಿನ ಅರ್ಥ ಹೊಳೆಯಿತು. ಗಾಡಿ ಒಂದು ನಿಮಿಷ ತಡವಾಗಿದೆಯಂತೆ. ಅವಸರದಲ್ಲಿರುವ ಪ್ರಯಾಣಿಕರಿಗೆ ತೊಂದರೆಯಾದದ್ದಕ್ಕೆ ಕ್ಷಮೆ ಕೇಳುತ್ತಿದ್ದಾಳಂತೆ. ಅಮ್ಮನಿಗೆ ಹೇಳಿದಾಗ ಅಮ್ಮ ಬೆರಗಾಗಿ, ಒಂದು ನಿಮಿಷಕ್ಕಾ, ಯಾರ ಮನೆ ಹುಡುಗೀನೋ, ಒಳ್ಳೆ ಸಂಸ್ಕಾರ ಎಂದಿತು. ಹರಿಣಿಯವರು ನಗಲಿಲ್ಲ. ದಿನವಿಡೀ ಊರಿನವರನ್ನೆಲ್ಲ ಕ್ಷಮೆ ಕೇಳಿ ಬಂದ ಹೆಂಗಸು ಅವರು. ಅವರನ್ನು ಯಾರೂ ಯಾವುದಕ್ಕೂ ಕ್ಷಮೆ ಕೇಳಿರಲಿಲ್ಲ. ಅಡುಗೆಮನೆಗೆ ಹೋಗಿ ಆ ಸಾಲನ್ನೇ ಮತ್ತೆ ಮತ್ತೆ ಕೇಳಿ ಕಣ್ಣೊರೆಸಿಕೊಂಡರು.

ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಕನ್ನಡ ನಿಂತಿತು. ಬೈಯಲಿಕ್ಕೂ ಯಾರಿಲ್ಲ, ಬೈಸಿಕೊಳ್ಳಲಿಕ್ಕೂ ಯಾರಿಲ್ಲ. ಜಪಾನಿಯೊಂದು ನಿಲ್ಲಲಿಲ್ಲ. ಸಂಜೆ ಮನೆಗೆ ಬಂದು, ದೀಪ ಹಚ್ಚಿ, ಅದೇ ಮಂಚದ ತುದಿಯಲ್ಲಿ ಕೂತು, ಹೊಸ ಹೊಸ ಮಾರ್ಗಗಳ ವಿಡಿಯೋ ಹಾಕಿಕೊಂಡು, ಆ ದನಿಯ ಜೊತೆಜೊತೆಗೇ ತಾವೂ ನುಡಿಯುತ್ತಿದ್ದರು. ಕ್ರಮೇಣ ಆ ಪ್ರಕಟಣೆಗಳ ಗತಿ ಅವರ ಮಾತಿಗೂ ನಡಿಗೆಗೂ ಇಳಿಯಿತು. ಫುಟ್‌ಪಾತಿನ ಮೇಲೂ ಪ್ಲಾಟ್‌ಫಾರ್ಮಿನ ಹಳದಿ ಗೆರೆಯೊಂದನ್ನು ಎಳೆದಿಟ್ಟಿದ್ದಾರೋ ಎಂಬಂತೆ ಅಂಚು ಬಿಟ್ಟು ನೆಟ್ಟಗೆ ನಡೆಯುತ್ತಿದ್ದರು. ಆಫೀಸಿನಲ್ಲಿ ಯಾರಾದರೂ ಫೈಲು ಎಲ್ಲಿ ಎಂದರೆ, ಫೈಲು ಕಪಾಟಿನಲ್ಲಿದೆ ಎಂದು, ಒಂದು ಗಳಿಗೆ ಬಿಟ್ಟು, ಅದನ್ನೇ ಅದೇ ಧಾಟಿಯಲ್ಲಿ ಎರಡನೆಯ ಸಲ ಹೇಳುತ್ತಿದ್ದರು. ಪಕ್ಕದ ಮೇಜಿನ ಸಾಧನಾ, ಮಂಡ್ಯದ ತಂದೆತಾಯಿಗೆ ಜೋಗೇಶ್ವರಿಯಲ್ಲಿ ಹುಟ್ಟಿದ ಹುಡುಗಿ, ಪರೀಕ್ಷೆ ಕಟ್ಟಿ ಸರ್ಟಿಫಿಕೇಟ್ ತೆಗೆದುಕೊಂಡರೆ ಟ್ರಾನ್ಸ್‌ಲೇಷನ್ನಿನಲ್ಲಿ ಒಳ್ಳೆಯ ಕೆಲಸವಿದೆ ಎಂದು ಬುದ್ಧಿ ಹೇಳಿದಳು. ಹರಿಣಿಯವರು ಹೂಂಗುಟ್ಟಿದರು. ಅವರಿಗೆ ಬೇಕಾಗಿದ್ದದ್ದು ಕೆಲಸವಲ್ಲ. ಆ ಭಾಷೆಯಲ್ಲಿ ಯಾರಾದರೊಬ್ಬರು ತಮ್ಮೊಡನೆ, ತಮ್ಮೊಬ್ಬರೊಡನೆಯೇ, ಒಂದು ಮಾತಾಡಬೇಕು. ಅದು ತಮಗೆ ತಿಳಿಯಬೇಕು. ಅಷ್ಟೇ ಆಸೆ. ಹೇಳಿಕೊಂಡರೆ ನಕ್ಕಾರು ಎಂದು ಹೇಳಿಕೊಂಡಿರಲಿಲ್ಲ.

ಆ ಗಳಿಗೆ ಒಂದು ಮಾರ್ಚಿ ತಿಂಗಳಲ್ಲಿ ಕೌಂಟರಿಗೇ ನಡೆದು ಬಂತು.

“ಹರಿಣಿ ಆಂಟಿ, ಜಲ್ದಿ ಬನ್ನಿ. ಜಪಾನೀಸ್ ಲೇಡಿ ಬಂದಿದ್ದಾರೆ. ಅವ್ರ ಮನೇಲಿ ಕರೆಂಟ್... ಟ್ರಿಪ್ ಆಗ್ತದೆ ಅಂತೆ. ನಿಮ್ದೇ ಚಾನ್ಸ್” ಎಂದು ಸಾಧನಾ ಓಡಿಬಂದಳು.

ನಕಾನೊ ಎಂದು ಆಕೆಯ ಹೆಸರು. ಐವತ್ತರ ಆಸುಪಾಸು, ಹತ್ತಿಯ ಟೋಪಿ, ಕೈಯಲ್ಲಿ ಮಡಿಸಿದ ಕೊಡೆ. ಗಂಡ ಇಲ್ಲಿನ ಒಂದು ರೈಲು ಕಾಮಗಾರಿಯ ಎಂಜಿನಿಯರು. ಆಫೀಸಿನಿಂದ ಕೂಗಳತೆಯ ದೂರದಲ್ಲೇ ಮನೆ. ಹರಿಣಿಯವರು ಕೋಟಿನ ಗುಂಡಿ ಹಾಕಿಕೊಂಡರು, ಎದ್ದು ಕೌಂಟರಿಗೆ ಬಂದರು, ಬಾಗಿದರು, ಮತ್ತು ಅಡುಗೆಮನೆಯಲ್ಲಿ ನೂರಾರು ಸಲ ನುಡಿದ ಆ ಸಾಲನ್ನು, ಅವಸರದಲ್ಲಿರುವ ತಮಗೆ ತೊಂದರೆಯುಂಟುಮಾಡಿದ್ದಕ್ಕೆ ಅಂತಃಕರಣಪೂರ್ವಕ ಕ್ಷಮೆ ಯಾಚಿಸುತ್ತೇವೆ ಎಂಬುದನ್ನು, ಒಂದಕ್ಷರ ಜಾರದಂತೆ ಜಪಾನಿಯಲ್ಲಿ ಹೇಳಿದರು. ನಕಾನೊ ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಳು. ಆಮೇಲೆ ಆಕೆಯ ಮುಖವೆಲ್ಲ ಅರಳಿ, ಏನೋ ಕೇಳಿದಳು. ಮತ್ತೇನೋ ಕೇಳಿದಳು. ಮಾತಿನ ಕೊನೆಗೆ ದನಿ ಮೇಲೇರಿದ್ದರಿಂದ ಅದು ಪ್ರಶ್ನೆಯೆಂದು ಹರಿಣಿಯವರಿಗೆ ಗೊತ್ತಾಯಿತೇ ಹೊರತು ಒಂದು ಪದವೂ ಹಿಡಿತಕ್ಕೆ ಸಿಗಲಿಲ್ಲ. ಏನಾದರೂ ಹೇಳಲೇಬೇಕಲ್ಲ ಎಂಬ ಗಾಬರಿಯಲ್ಲಿ ನಾಲಗೆಗೆ ಬಂದದ್ದನ್ನು ಹೇಳಿಬಿಟ್ಟರು: ಮುಂದಿನ ನಿಲ್ದಾಣದಲ್ಲಿ ಬಲಗಡೆಯ ಬಾಗಿಲು ತೆರೆಯುತ್ತದೆ.

ಸಾಧನಾ ಚಪ್ಪಾಳೆ ತಟ್ಟಿದಳು, ಪಾಪ, ಅವಳಿಗೇನು ಗೊತ್ತು. ನಕಾನೊ ಒಂದು ಕ್ಷಣ ಕಣ್ಣು ಪಿಳುಕಿಸಿ, ನಕ್ಕು, ಇಂಗ್ಲಿಷಿಗೆ ಇಳಿದಳು. ಭಾನುವಾರ ಮನೆಗೆ ಬನ್ನಿ ಎಂದು ಕರೆದು ಹೋದಳು. ಹರಿಣಿಯವರು ಕುರ್ಚಿಗೆ ಮರಳಿ ಕೂತರು. ತಾವು ಇಷ್ಟು ಕಾಲ ಪ್ರೀತಿಯಿಂದ ಕಲಿತ ದನಿ ಎಲ್ಲರಿಗೂ ಹೇಳುತ್ತಿತ್ತು. ಯಾರೊಬ್ಬರನ್ನೂ ಏನೂ ಕೇಳುತ್ತಿರಲಿಲ್ಲ. ಯಾರ ಉತ್ತರಕ್ಕೂ ಅದು ಕಾದದ್ದಿಲ್ಲ. ಹಾಗಾಗಿ ಇವರಿಗೆ ಕೇಳಲೂ ಬಾರದು, ಕೇಳಿದ್ದಕ್ಕೆ ಹೇಳಲೂ ಬಾರದು. ಇದು ಹೊಳೆದಾಗ ಅವರಿಗೆ ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

ಆದರೂ ಭಾನುವಾರ ಹೋದರು. ಕೊಬ್ಬರಿ ಮಿಠಾಯಿ ಮಾಡಿಕೊಂಡು, ಇಸ್ತ್ರಿಯ ಸೀರೆಯುಟ್ಟು, ಲೋಕಲ್ಲಿನಲ್ಲಿ ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದು ಕಾಪಾಡಿಕೊಂಡು ಹೋದರು. ಅಲ್ಲಿ ನಕಾನೊ ಒಬ್ಬಳೇ ಇರಲಿಲ್ಲ. ಇನ್ನೂ ನಾಲ್ಕೈದು ಜಪಾನೀ ಹೆಂಗಸರು ಬಂದಿದ್ದರು. ಒಳ್ಳೆಯವರೇ, ಮರ್ಯಾದಸ್ಥರೇ. ಹರಿಣಿಯವರನ್ನು ನಡುವೆ ನಿಲ್ಲಿಸಿ ಒಂದೊಂದೇ ಊರಿನ ಹೆಸರು ಹೇಳಿ ಅಲ್ಲಿನ ರೈಲಿನ ಪ್ರಕಟಣೆ ಹೇಳಿಸಿದರು. ಹೇಳಿದಾಗಲೆಲ್ಲ ಕೈತಟ್ಟಿದರು, ಫೋನಿನಲ್ಲಿ ಹಿಡಿದುಕೊಂಡರು, ಒಬ್ಬಳಂತೂ ನಕ್ಕು ನಕ್ಕು ಕಣ್ಣೀರೊರೆಸಿಕೊಂಡಳು. ಆಮೇಲೆ ಮಿಠಾಯಿ ತಿನ್ನುತ್ತ ತಮ್ಮತಮ್ಮಲ್ಲೇ ಹರಟೆಗೆ ತೊಡಗಿದರು. ಆ ಹರಟೆ ಹರಿಣಿಯವರ ಸುತ್ತ ಹರಿಯಿತು, ಅವರನ್ನು ಮುಟ್ಟಲಿಲ್ಲ. ಮೂಲೆಯ ಕುರ್ಚಿಯಲ್ಲಿ ಮುಗುಳ್ನಗೆಯನ್ನು ಮುಖಕ್ಕೆ ಅಂಟಿಸಿಕೊಂಡು ಕೂತಿದ್ದು, ದವಡೆ ನೋಯಲು ಶುರುವಾದಾಗ ಎದ್ದು ಹೊರಟರು. ತಮ್ಮನ್ನು ಗಿಣಿಯಂತೆ ಆಡಿಸಿದರಲ್ಲ ಎಂಬ ಸಿಟ್ಟು ದಾರಿಯಲ್ಲಿ ಬಂತು. ಗಿಣಿಯಂತೆ ಕಲಿತದ್ದು ತಾವೇ ಅಲ್ಲವೇ ಎಂದು ಆ ಸಿಟ್ಟೂ ಉಳಿಯಲಿಲ್ಲ.

ವಿಡಿಯೋ ನಿಂತಿತು. ಆಗ ಆ ಮನೆ ಹೇಗಾಯಿತು ಅಂತೀರಿ! ಪಕ್ಕದ ಮನೆಯ ಕುಕ್ಕರಿನ ಸೀಟಿ, ಮೇಲಿನವರ ಮಗು ಎಳೆಯುವ ಸ್ಟೂಲಿನ ಸದ್ದು, ಎಲ್ಲವೂ ಗೋಡೆ ತೂರಿ ಬಂದು ಒಳಗೇ ಕೂರುತ್ತಿದ್ದವು. ಏಪ್ರಿಲ್ ಕಳೆಯುತ್ತ ಬಂದಾಗ ತಡೆಯಲಾರದೆ ಅವರು ಮತ್ತೆ ಫೋನು ಕೈಗೆತ್ತಿಕೊಂಡರು. ಈ ಸಲ ರೈಲಲ್ಲ. ಸಣ್ಣ ಮಕ್ಕಳಿಗೆ ಹೇಳಿಕೊಡುವ ಪಾಠ. ಅದರಲ್ಲಿ ಬೇರೆಲ್ಲ ಬಿಟ್ಟು ಪ್ರಶ್ನೆಗಳನ್ನಷ್ಟೇ ಹೆಕ್ಕಿದರು. ಇದೇನು, ಅದು ಯಾರು, ಎಲ್ಲಿ, ಯಾವಾಗ. ಐವತ್ತು ದಾಟಿದ ಹೆಂಗಸು ಖಾಲಿ ಮನೆಯಲ್ಲಿ ಕೂತು ಬಾಗಿಲನ್ನು, ಕುಕ್ಕರನ್ನು, ಅಮ್ಮನ ಮಂಚವನ್ನು ಪ್ರಶ್ನೆ ಕೇಳುವುದನ್ನು ಯಾರಾದರೂ ನೋಡಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ನೋಡಲು ಯಾರೂ ಇರಲಿಲ್ಲವಾಗಿ ಆ ಅಂಜಿಕೆಯಿರಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಸಾಂತಾಕ್ರೂಜಿನ ಒಂದಿಡೀ ಗಲ್ಲಿಗೆ ಕರೆಂಟು ಹೋಯಿತು. ಕಂಪ್ಲೇಂಟುಗಳು ಬರತೊಡಗಿದವು, ಅವುಗಳಲ್ಲಿ ನಕಾನೊ ಇದ್ದ ಬಿಲ್ಡಿಂಗಿನದೂ ಇತ್ತು. ಫೋನು ಮಾಡಿ ಹೇಳಿದರೆ ಮುಗಿಯುವ ಕೆಲಸ. ಸಾಧನಾ ಅದನ್ನೇ ಹೇಳಿದಳು ಕೂಡ. ಹರಿಣಿಯವರು ಕೋಟು ಕಳಚಿ ಕುರ್ಚಿಗೆ ಹಾಕಿ, ಚೀಲ ಹೆಗಲಿಗೇರಿಸಿ, ಬಿಸಿಲಲ್ಲಿ ನಡೆದೇ ಹೋದರು. ಹೋಗಬೇಕೆನಿಸಿತು, ಹೋದರು.

ಬಾಗಿಲು ತೆರೆದ ನಕಾನೊ ಬೆವರಿನಿಂದ ತೊಯ್ದಿದ್ದಳು. ಕೈಯಲ್ಲಿ ಬೀಸಣಿಗೆ. ಮನೆಯೊಳಗೆ ಪರದೆಯೆಳೆದ ನಸುಗತ್ತಲೆ, ಇನ್ನಾರೂ ಇಲ್ಲ. ಟೋಪಿಯಿಲ್ಲದ, ನಗೆಯಿಲ್ಲದ ಆ ಮುಖ ಅವತ್ತಿನ ಭಾನುವಾರದ ಮುಖವೇ ಅಲ್ಲ. ಗಂಡ ಬೆಳಿಗ್ಗೆ ಕಾಮಗಾರಿಯ ಕಡೆಗೆ ಹೋದರೆ ಕತ್ತಲಾದ ಮೇಲೆಯೇ ಬರುವುದೆಂದು ಅವತ್ತು ಅಲ್ಲಿದ್ದ ಯಾರೋ ಇಂಗ್ಲಿಷಿನಲ್ಲಿ ಹೇಳಿದ್ದು ಹರಿಣಿಯವರ ನೆನಪಿಗೆ ಬಂತು. ಈ ಹೆಂಗಸು ಬೆಳಗಿನಿಂದ ಯಾರೊಂದಿಗೂ ಮಾತಾಡಿಲ್ಲ ಎಂಬುದು ಅವರಿಗೆ ನೋಡುತ್ತಲೇ ತಿಳಿಯಿತು. ಅದನ್ನು ತಿಳಿಯಲು ಭಾಷೆ ಬೇಕಾಗಿರಲಿಲ್ಲ. ಆ ಮುಖ ದಿನವೂ ತಮ್ಮ ಕನ್ನಡಿಯಲ್ಲಿ ಕಾಣುವುದೇ.

ಕಂಪನಿಯಿಂದ ಬಂದವರು ಕ್ಷಮೆ ಕೇಳಬೇಕು. ಆ ಸಾಲು ಬಾಯಿಪಾಠವಾಗಿ ತಯಾರಿತ್ತು, ಸಂದರ್ಭವೂ ಅಚ್ಚುಕಟ್ಟಾಗಿ ಹೊಂದುತ್ತಿತ್ತು. ಹರಿಣಿಯವರು ಅದನ್ನು ಹೇಳಲಿಲ್ಲ. ನಮ್ಮ ಕಡೆಯ ಹೆಂಗಸು ಇನ್ನೊಬ್ಬಳ ಬಾಡಿದ ಮುಖ ನೋಡಿದಾಗ ಏನು ಕೇಳುತ್ತಾಳೋ ಅದನ್ನೇ, ಗೊತ್ತಿದ್ದ ಪದಗಳನ್ನು ಒಂದಕ್ಕೊಂದು ಜೋಡಿಸಿ, ತಡವರಿಸುತ್ತ, ಯಾವ ರೈಲಿನಲ್ಲೂ ಯಾರೂ ಕೇಳದ ತಮ್ಮದೇ ವಾಕ್ಯವಾಗಿ ಕೇಳಿದರು.

“ಗೊಹಾನ್... ತಾಬೆಮಾಶಿತಾ ಕಾ?”

ಊಟ ಆಯ್ತಾ? ನಮ್ಮಲ್ಲಿ ಅದು ಊಟದ ಪ್ರಶ್ನೆಯೇ ಅಲ್ಲ ನೋಡಿ. ಬೀದಿಯಲ್ಲಿ ಸಿಕ್ಕವರಿಗೆ, ಫೋನೆತ್ತಿದವರಿಗೆ, ನೆಂಟರಿಗೆ, ಅರ್ಧ ಮುನಿಸಿಕೊಂಡವರಿಗೂ ಕೇಳುತ್ತೇವೆ. ಕೇಳಿಸಿಕೊಂಡವರು ಉಪವಾಸವಿದ್ದರೂ ಆಯ್ತು, ನಿಮ್ದು ಎನ್ನುತ್ತಾರೆ. ಅಲ್ಲಿಗೆ ಕ್ಷೇಮಸಮಾಚಾರ ಮುಗಿಯುತ್ತದೆ. ಆದರೆ ನಕಾನೊಗೆ ಈ ಸಂಪ್ರದಾಯವೇನು ಗೊತ್ತು? ಕೌಂಟರಿನ ಹೆಂಗಸು ಬಿಸಿಲಲ್ಲಿ ನಡೆದು ಬಂದು, ನೀನು ಉಂಡೆಯಾ ಎಂದು ಕೇಳುತ್ತಿದ್ದಾಳೆ. ನಿಜವಾಗಿಯೂ ಅದನ್ನು ತಿಳಿಯಲೆಂದೇ ಬಂದಿದ್ದಾಳೆ ಎಂದುಕೊಂಡಳು. ಬೀಸಣಿಗೆಯ ಕೈ ನಿಂತಿತು. ಆಕೆ ಹರಿಣಿಯವರನ್ನೇ ನೋಡಿ, ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಹೇಳಿದಳು.

“ಮಾದಾ ದೆಸು.”

ಇನ್ನೂ ಇಲ್ಲ. ಹರಿಣಿಯವರು ತಬ್ಬಿಬ್ಬಾದರು. ಆಯ್ತು ಎನ್ನದೆ ಇಲ್ಲ ಎಂದವರನ್ನು ಅವರು ಕಂಡಿರಲಿಲ್ಲ. ಇಲ್ಲ ಎಂದರೆ ಮುಂದೆ ಏನೆನ್ನಬೇಕೆಂಬುದೂ ಗೊತ್ತಿರಲಿಲ್ಲ. ಅಷ್ಟರಲ್ಲಿ ನಕಾನೊ, ಅದೇ ನಿಧಾನದಲ್ಲಿ, ಎರಡೇ ಮಾತಿನಲ್ಲಿ ತಿರುಗಿ ಕೇಳಿದಳು.

“ಹರಿಣಿ ಸಾನ್ ವಾ?”

ತಿಳಿಯಿತು. ಹರಿಣಿಯವರದು ಆಯ್ತಾ ಎಂಬುದು ಪೂರ್ತಿ ತಿಳಿಯಿತು. ಪ್ರಯಾಣಿಕರೆಲ್ಲರನ್ನೂ ಅಲ್ಲ, ಬಲಗಡೆಯ ಬಾಗಿಲಿನಿಂದ ಇಳಿಯುವವರನ್ನಲ್ಲ, ಹೆಸರು ಹಿಡಿದು ಹರಿಣಿ ಎಂಬೊಬ್ಬರನ್ನು ಆ ಭಾಷೆ ಕೇಳುತ್ತಿತ್ತು. ಕಣ್ಣು ತುಂಬಿ ಬಂತು. ಬಾಯಿಗೆ ಮೊದಲು ಬಂದದ್ದು ನಮ್ಮೆಲ್ಲರ ಬಾಯಿಗೂ ಬರುವ ಉತ್ತರವೇ. ಅಮ್ಮ ಹೋದಾಗಿನಿಂದ ಆಫೀಸಿನಲ್ಲಿ ಕೇಳಿದವರಿಗೆಲ್ಲ ಅವರು ಆಯ್ತು ಎಂದೇ ಹೇಳುತ್ತ ಬಂದಿದ್ದರು. ಒಬ್ಬರೇ ಕೂತು ತಿನ್ನಲು ಮನಸ್ಸಾಗದೆ, ಡಬ್ಬಿಯನ್ನು ಎಷ್ಟೋ ದಿನ ಮುಚ್ಚಳ ತೆಗೆಯದೆ ಬೊರಿವಲಿಗೆ ಹಿಂದಕ್ಕೆ ಹೊತ್ತಿದ್ದರು. ಆದರೆ ಆಯ್ತು ಎಂಬುದಕ್ಕೆ ಈ ಭಾಷೆಯಲ್ಲಿ ಏನನ್ನುತ್ತಾರೋ ಅವರಿಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಗೊತ್ತಿದ್ದದ್ದು ಈಗ ತಾನೇ ಕೇಳಿಸಿಕೊಂಡ ಉತ್ತರವೊಂದೇ.

“ಮಾದಾ ದೆಸು” ಎಂದರು ಹರಿಣಿ.

ಹೇಳಿದ ಮೇಲೆ ಅದು ನಿಜವೆಂದು ಅವರಿಗೇ ಗೊತ್ತಾಯಿತು. ನಕಾನೊ ಬಾಗಿಲನ್ನು ಅಗಲವಾಗಿ ತೆರೆದಳು. ಚೀಲದಲ್ಲಿದ್ದ ಡಬ್ಬಿಯ ಮೊಸರನ್ನ, ಆಕೆಯ ಮನೆಯ ತಣ್ಣಗಾದ ಅನ್ನ, ಒಂದಿಷ್ಟು ಉಪ್ಪಿನಕಾಯಿ. ಇಬ್ಬರೂ ಕಿಟಕಿಯ ಬಳಿ ನೆಲದ ಮೇಲೆ ಕೂತು, ಬೀಸಣಿಗೆಯನ್ನು ಸರದಿಯಂತೆ ಬೀಸಿಕೊಳ್ಳುತ್ತ ಉಂಡರು. ಮಾತು ಹೆಚ್ಚು ಆಗಲಿಲ್ಲ. ಇದೇನು ಎಂದು ಒಬ್ಬರು ಕೇಳುವುದು, ಉಪ್ಪಿನಕಾಯಿ ಎಂದು ಇನ್ನೊಬ್ಬರು ಹೇಳುವುದು, ಅಷ್ಟೇ. ಅದೇ ಮಳೆಗಾಲದಲ್ಲಿ ನಕಾನೊಳ ಗಂಡನಿಗೆ ತಿರುಗಿ ಜಪಾನಿಗೇ ವರ್ಗವಾಯಿತು, ಆಕೆ ಹೋದಳು. ಹರಿಣಿಯವರು ಈಗಲೂ ಒಬ್ಬರೇ ಇದ್ದಾರೆ, ಸಂಜೆ ಒಬ್ಬರೇ ಕೂತು ಪಾಠ ಕೇಳುತ್ತಾರೆ. ಡಬ್ಬಿಯನ್ನು ಮಾತ್ರ ಆಫೀಸಿನಲ್ಲೇ, ಸಾಧನಾಳ ಮೇಜಿಗೆ ಕುರ್ಚಿ ಎಳೆದುಕೊಂಡು, ಮುಗಿಸಿ ಬರುತ್ತಾರೆ.

ಪರೀಕ್ಷೆಗೂ ಸಂಪಾದನೆಗೂ ಅಲ್ಲದೆ, ಕೇವಲ ಪ್ರೀತಿಗೆ ಬಿದ್ದು ಪರಭಾಷೆ ಕಲಿಯುವ ಇಂಥವರು ಊರಿಗೊಬ್ಬರು ಇಬ್ಬರು ಇದ್ದೇ ಇರುತ್ತಾರೆ. ಅದರಿಂದೇನು ಲಾಭ ಎಂದು ಲೋಕ ಕೇಳುತ್ತದೆ, ಅವರು ಪಾಪ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಹುಟ್ಟುಭಾಷೆಯಲ್ಲಿ ನಾವೆಲ್ಲ ತೀರ ಪಳಗಿದವರು. ಯಾರೇನು ಕೇಳಿದರೂ ಮಾನ ಹೋಗದಂಥ ಉತ್ತರ ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ, ಮತ್ತು ಆ ಉತ್ತರದ ಹಿಂದೆ ನಾವು ಒಬ್ಬೊಬ್ಬರೇ ಹಸಿದು ಕೂತಿರುತ್ತೇವೆ. ಕೆಲವರಿಗೆ ಆ ಚಾತುರ್ಯವೆಲ್ಲ ಕೈಬಿಟ್ಟುಹೋಗುವಷ್ಟು ದೂರದ ಒಂದು ಭಾಷೆಗೆ ಹೋಗಿ, ಅಲ್ಲಿ ಮಗುವಿನ ಹಾಗೆ ತೊದಲಿ ನಿಂತ ಮೇಲೆಯೇ ಇದ್ದದ್ದನ್ನು ಇದ್ದ ಹಾಗೆ ಹೇಳಲು ಬಾಯಿ ಬರುತ್ತದೆ.